ಮೊದಲ ಕ್ಲಾಸಿಕ್ ಕಾರಿನ ಕಿಟ್: ಬೀಟಲ್ ತಗೊಳ್ಳಲಾ, ಬೆಲ್ ಏರ್ ತಗೊಳ್ಳಲಾ?

ಪ್ರಶ್ನೆ: ನಾನು ಕೊಪ್ಪಳದವನು, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹಳೇ ಕಾರುಗಳ ಪ್ಲಾಸ್ಟಿಕ್ ಮಾಡೆಲ್ ಕಿಟ್ ಜೋಡಿಸಬೇಕೆಂಬ ಆಸೆ ಬಹಳ ದಿನದಿಂದ ಇದೆ. ಎರಡು ಕಿಟ್ ನೋಡಿಟ್ಟಿದ್ದೇನೆ. ಒಂದು, ಟಮಿಯಾ ಕಂಪನಿಯ 1:24 ಅಳತೆಯ ಫೋಕ್ಸ್‌ವ್ಯಾಗನ್ 1300 ಬೀಟಲ್, 1966ರ ಮಾದರಿ. ಇನ್ನೊಂದು, ಎಎಂಟಿ ಕಂಪನಿಯ 1:25 ಅಳತೆಯ 1957ರ ಶೆವರ್ಲೆ ಬೆಲ್ ಏರ್. ಸದ್ಯಕ್ಕೆ ಒಂದನ್ನೇ ಕೊಳ್ಳುವುದು. ಯಾವುದು ಒಳ್ಳೇದು? ನಮ್ಮಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಅದರ ಕಿಟ್ ಎಲ್ಲಾದರೂ ಸಿಗುತ್ತದೆಯೇ? ನಮ್ಮ ಕಡೆಯ ಬಿಸಿಲು, ಧೂಳಿನಲ್ಲಿ ಮನೆಯಲ್ಲೇ ಬಣ್ಣ ಹೊಡೆಯಲು ಆಗುತ್ತದೆಯೇ?

ಉತ್ತರ: ಬೀಟಲ್ ತಗೊಳ್ಳಿ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂದೆ ಯಾವ ಕಿಟ್ ಕೊಳ್ಳುವಾಗಲೂ ಅದು ನಿಮಗೆ ಬೇಕಾಗುತ್ತದೆ.

ಕಾರಿನ ಮಾಡೆಲ್‌ನಲ್ಲಿ ಮುಕ್ಕಾಲು ಕೆಲಸ ಇರುವುದು ಬಾಡಿಯಲ್ಲಿ. ಟ್ಯಾಂಕಿನ ಕಿಟ್ ಮಾಡುವವರಿಗೆ ಈ ಕಷ್ಟ ಇಲ್ಲ. ಮಂಕು ಬಣ್ಣ ಹೊಡೆದು ಮೇಲೊಂದಿಷ್ಟು ಮಣ್ಣಿನ ಬಣ್ಣ ಮೆತ್ತಿದರೆ ಎಷ್ಟೋ ಗೀರು, ಸಂದು ಮುಚ್ಚಿಹೋಗುತ್ತವೆ. ಕಾರಿಗೆ ಹೊಳೆಯುವ ಬಣ್ಣ ಬೇಕು. ಹೊಳಪು ಏನನ್ನೂ ಮುಚ್ಚುವುದಿಲ್ಲ. ಕೂದಲಷ್ಟು ತೆಳ್ಳಗಿನ ಗೀರನ್ನೂ ಎತ್ತಿ ತೋರಿಸುತ್ತದೆ. ನೋಡುವವರ ಕಣ್ಣು ಮೊದಲು ಹೋಗುವುದು ಟಾಪ್, ಬಾನೆಟ್, ಮಡ್‌ಗಾರ್ಡ್ ಮೇಲೆ ತಾನೇ? ಎಂಜಿನ್‌ಗೆ ನೀವು ಎಳೆದ ವೈರುಗಳು ಬಾನೆಟ್ ಮುಚ್ಚಿದ ಮೇಲೆ ಯಾರಿಗೆ ಕಾಣುತ್ತವೆ? ಅದಕ್ಕೇ ಹೇಳುವುದು, ಎರಡು ಕಿಟ್ ಹೋಲಿಸುವಾಗ ಡಬ್ಬಿಯ ಮೇಲಿನ ಚಿತ್ರ, ಒಳಗಿರುವ ಭಾಗಗಳ ಲೆಕ್ಕ ಇವನ್ನೆಲ್ಲ ಆಮೇಲೆ ನೋಡಿ. ಮೊದಲು ಮೂರು ಮಾತು ಕೇಳಿಕೊಳ್ಳಿ. ಬಾಡಿ ಎಷ್ಟು ಸ್ವಚ್ಛವಾಗಿ ಅಚ್ಚಾಗಿದೆ? ಷಾಸಿ, ಅಂದರೆ ಚಕ್ರ ಹೊತ್ತ ಅಡಿ ಚೌಕಟ್ಟಿನ ಮೇಲೆ ಅದು ತಿಣುಕಾಡದೆ ಕೂರುತ್ತದೆಯೇ? ಹೊರಗೆ ಕ್ರೋಮ್ ಎಷ್ಟಿದೆ?

ಈಗ ನಿಮ್ಮ ಎರಡು ಕಿಟ್‌ಗೆ ಬರೋಣ. ಎಎಂಟಿ ಶುರುವಾಗಿದ್ದು 1948ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ. ಕಾರು ಮಾರುವ ಷೋರೂಂಗಳಿಗೆ ಹೊಸ ಕಾರಿನ ಪುಟ್ಟ ಮಾದರಿ ಮಾಡಿಕೊಡುವುದು ಅದರ ಮೊದಲ ಕಸುಬು. ಅಮೆರಿಕದ ಕಿಟ್‌ಗಳಲ್ಲಿ 1:25 ಅಳತೆ ಗಟ್ಟಿಯಾಗಿ ನಿಂತಿದ್ದು ಆ ಮಾದರಿಗಳಿಂದಲೇ. 1958ರಲ್ಲಿ ಅವರು ಮೂರು ಥರ ಜೋಡಿಸಬಹುದಾದ ಕಿಟ್ ತಂದರು. ಕಾರ್ಖಾನೆಯಿಂದ ಬಂದ ಹಾಗೆ ಮಾಡಬಹುದು, ಅಲಂಕಾರ ಮಾಡಿದ ಕಾರು ಮಾಡಬಹುದು, ಇಲ್ಲವೇ ರೇಸ್ ಕಾರು ಮಾಡಬಹುದು. ನೀವು ನೋಡಿಟ್ಟ ಬೆಲ್ ಏರ್ ಕೂಡ ಅದೇ ವಂಶದ್ದು. ಅದರ ಅಚ್ಚು 1960ರ ದಶಕದ್ದು, ಮತ್ತೆ ಮತ್ತೆ ಹೊಸ ಡಬ್ಬಿಯಲ್ಲಿ ಬಂದಿದೆ. ಡಬ್ಬಿ ಹೊಸದು, ಅಚ್ಚು ಹಳೇದು. ಹಳೇ ಅಚ್ಚಿನಲ್ಲಿ ಸಂದುಗಳಿಂದ ಪ್ಲಾಸ್ಟಿಕ್ ಸೋರಿ ತೆಳ್ಳನೆ ಪರೆ ನಿಂತಿರುತ್ತದೆ. ಬಾಡಿಯ ಮೇಲೆ ಅಚ್ಚಿನ ಗೆರೆಗಳು ದಪ್ಪ. ಭಾಗಗಳನ್ನು ಪದೇ ಪದೇ ಕೂರಿಸಿ ನೋಡಿ, ಉಜ್ಜಿ ಸರಿಮಾಡಿಕೊಳ್ಳಬೇಕು. ಅದು ಕೆಟ್ಟ ಕಿಟ್ ಅಂತ ನಾನು ಹೇಳುತ್ತಿಲ್ಲ. ಹಳೇ ಎಎಂಟಿ ಬಾಡಿಗಳಲ್ಲಿ ಕಾರಿನ ಮೈಕಟ್ಟು ಬಹಳ ಸೊಗಸಾಗಿ ಬಂದಿರುತ್ತದೆ, ನನಗೆ ಅವುಗಳ ಮೇಲೆ ತುಂಬಾ ಪ್ರೀತಿ. ಆದರೆ ಕೈ ಪಳಗಿದ ಮೇಲೆ ಮಾಡುವ ಕಿಟ್ ಅದು.

ಟಮಿಯಾ ಜಪಾನಿನ ಶಿಜುವೊಕಾ ಊರಿನದು. 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾಗಿ, ಮರದ ಮಾಡೆಲ್‌ಗಳಿಗೆ ಬಂದು, 1960ರಲ್ಲಿ ಪ್ಲಾಸ್ಟಿಕ್‌ಗೆ ಹೊರಳಿತು. ಫುಜಿಮಿ, ಅವೊಶಿಮಾ, ಹಸೆಗಾವಾ ಕಂಪನಿಗಳೂ ಅದೇ ಶಿಜುವೊಕಾ ಸೀಮೆಯವು. ಬೀಟಲ್ ಅಚ್ಚು ಎಎಂಟಿ ಬೆಲ್ ಏರ್‌ಗಿಂತ ದಶಕಗಳಷ್ಟು ಈಚಿನದು. ಟಮಿಯಾದ ಹೆಚ್ಚುಗಾರಿಕೆ ಇರುವುದು ಭಾಗಗಳು ಒಂದಕ್ಕೊಂದು ಸರಿಯಾಗಿ ಕೂರುವುದರಲ್ಲಿ, ಮತ್ತು ಚಿತ್ರ ನೋಡಿಯೇ ಅರ್ಥವಾಗುವ ಸೂಚನಾ ಪುಸ್ತಕದಲ್ಲಿ. ಮೊದಲ ಕಿಟ್‌ನಲ್ಲಿ ನಿಮ್ಮ ತಾಳ್ಮೆಯೆಲ್ಲ ಬಣ್ಣದ ಕೆಲಸಕ್ಕೆ ಉಳಿಯಬೇಕು. ಸಂದು ತುಂಬುವುದರಲ್ಲೇ ಖರ್ಚಾಗಬಾರದು.

ಮೂರನೆಯದು ಕ್ರೋಮ್. 1957ರ ಬೆಲ್ ಏರ್ ತುಂಬಾ ಕ್ರೋಮ್ ಇದೆ. ಪಕ್ಕದಲ್ಲಿ ಓಡುವ ಪಟ್ಟಿ, ಹಿಂದಿನ ರೆಕ್ಕೆ, ಕಿಟಕಿಗಳ ಸುತ್ತ, ಗಾಜಿನ ಸುತ್ತ, ಎಲ್ಲೆಲ್ಲೂ. ಬಾಡಿಯಲ್ಲೇ ಎರಕವಾಗಿರುವ ಈ ಪಟ್ಟಿಗಳಿಗೆ ಬೇರ್ ಮೆಟಲ್ ಫಾಯಿಲ್ ಎಂಬ ಅಂಟು ಹಾಳೆಯನ್ನು ಹಾಸಿ, ಇಯರ್ ಬಡ್‌ನಿಂದ ಒತ್ತಿ, ಹೊಸ ಬ್ಲೇಡಿನಿಂದ ಅಂಚು ಹಿಡಿದು ಕೊಯ್ಯಬೇಕು. ಕೈ ಒಂದಿಷ್ಟು ಜಾರಿದರೂ ಕೆಳಗಿನ ಬಣ್ಣಕ್ಕೆ ಗೀರು. ಬೀಟಲ್‌ನಲ್ಲಿ ಬಂಪರ್, ಚಕ್ರದ ನಡುವಿನ ಮುಚ್ಚಳ, ಹೆಡ್‌ಲೈಟಿನ ಬಳೆ, ಪಕ್ಕದ ಸಣ್ಣ ಪಟ್ಟಿ, ಇಷ್ಟು ನೋಡಿಕೊಂಡರೆ ಮುಗಿಯಿತು. ಕಿಟ್‌ನ ಭಾಗಗಳು ಒಂದು ಪ್ಲಾಸ್ಟಿಕ್ ಕಡ್ಡಿಗೆ ಅಂಟಿಕೊಂಡೇ ಬರುತ್ತವೆ, ಅದರಿಂದ ಕತ್ತರಿಸಿದ ಜಾಗದಲ್ಲಿ ಕ್ರೋಮ್ ಹೋಗಿರುತ್ತದೆ. ಅಲ್ಲಿಗೆ ಮೊಲೊಟೊ ಕ್ರೋಮ್ ಪೆನ್ನಿನ ಒಂದು ಚುಕ್ಕೆ ಸಾಕು.

ಅಳತೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 1:24 ಎಂದರೆ ನಿಜವಾದ ಕಾರಿನ ಒಂದು ಅಡಿಗೆ ಮಾಡೆಲ್‌ನಲ್ಲಿ ಅರ್ಧ ಇಂಚು. 1:25 ಅದಕ್ಕಿಂತ ನೂರಕ್ಕೆ ನಾಲ್ಕರಷ್ಟು ಚಿಕ್ಕದು. ಒಂದೇ ಕಪಾಟಿನಲ್ಲಿ ಎರಡೂ ನಿಂತರೆ ಬೇರೆಯವರಿಗೆ ಗೊತ್ತಾಗುವುದಿಲ್ಲ. ಅಂಗಡಿಗಳಲ್ಲಿ ಕಾಣುವ 1:43 ಬೇರೆ ಕಥೆ. ಅದು ಆಟಿಕೆ ರೈಲಿನ ಅಳತೆಯಿಂದ ಬಂದದ್ದು, ಹೆಚ್ಚಾಗಿ ಲೋಹದ ರೆಡಿ ಮಾಡೆಲ್‌ಗಳು. ಕಿಟ್‌ನ ಅಳತೆ ಸರಿಯೇ ಎಂದು ತಿಳಿಯಲು ಸುಲಭದ ದಾರಿ ವೀಲ್‌ಬೇಸ್. ಬೀಟಲ್‌ನ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 2400 ಮಿ.ಮೀ. ಅದನ್ನು 24ರಿಂದ ಭಾಗಿಸಿದರೆ ಸರಿಯಾಗಿ 10 ಸೆಂ.ಮೀ. ಸ್ಕೇಲ್ ಇಟ್ಟು ನೋಡಿಕೊಳ್ಳಬಹುದು.

ಕೊಳ್ಳುವ ಮೊದಲು ಸ್ಕೇಲ್‌ಮೇಟ್ಸ್ ಜಾಲತಾಣದಲ್ಲಿ ಕಿಟ್‌ನ ಹೆಸರು ಹಾಕಿ ನೋಡಿ. ಯಾವ ಅಚ್ಚು ಯಾವಾಗ ಹುಟ್ಟಿತು, ಎಷ್ಟು ಸಲ ಡಬ್ಬಿ ಬದಲಾಯಿತು ಎಂಬ ಜಾತಕ ಅಲ್ಲಿ ಸಿಗುತ್ತದೆ. ನನ್ನ ಮಟ್ಟಿಗೆ ಗಿರಾಕಿಗೆ ಅದಕ್ಕಿಂತ ಉಪಯೋಗದ ಮಾಹಿತಿ ಇಲ್ಲ.

ಇನ್ನು ನಿಮ್ಮ ತಂದೆಯವರ ಅಂಬಾಸಿಡರ್. ಟಮಿಯಾ, ರೆವೆಲ್, ಎಎಂಟಿ, ಏರ್‌ಫಿಕ್ಸ್, ಇಟಲೇರಿ ಯಾರ ಪಟ್ಟಿಯಲ್ಲೂ ಅದರ ಪ್ಲಾಸ್ಟಿಕ್ ಕಿಟ್ ನಾನು ಕಂಡಿಲ್ಲ. 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ, ಇಡೀ ದೇಶ ಓಡಾಡಿದ ಕಾರಿಗೆ ಒಂದು ಒಳ್ಳೇ ಕಿಟ್ ಇಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ. ಆದರೂ ದಾರಿ ಮುಚ್ಚಿಲ್ಲ. ಆಟಿಕೆ ಅಂಗಡಿಗಳಲ್ಲಿ ಹಿಂದಕ್ಕೆ ಎಳೆದು ಬಿಟ್ಟರೆ ಓಡುವ ಪ್ಲಾಸ್ಟಿಕ್ ಅಂಬಾಸಿಡರ್ ಸಿಗುತ್ತದೆ. ಅದರ ಬಾಡಿಯನ್ನು ತಳಹದಿ ಮಾಡಿಕೊಳ್ಳಬಹುದು. ಆಟಿಕೆ ಯಾವ ಅಳತೆಯದು ಎಂದು ತಿಳಿಯಬೇಕಾದರೆ ವೀಲ್‌ಬೇಸ್ ಅಳೆಯಿರಿ. ನಿಜವಾದ ಅಂಬಾಸಿಡರ್‌ದು 97 ಇಂಚು, ಅಂದರೆ 2464 ಮಿ.ಮೀ. ಆಟಿಕೆಯಲ್ಲಿ 77 ಮಿ.ಮೀ ಬಂದರೆ ಅದು 1:32. ಇನ್ನೊಂದು ದಾರಿ ರೆಸಿನ್ ತ್ರೀಡಿ ಪ್ರಿಂಟ್. ಕಂಪ್ಯೂಟರ್ ಫೈಲ್ ಸಿಕ್ಕರೆ ಬೆಂಗಳೂರಿನಲ್ಲಿ ಪ್ರಿಂಟ್ ಮಾಡಿಸಿ ತರಿಸಬಹುದು. ಆದರೆ ಪ್ರಿಂಟಿನ ಮೇಲೆ ಪದರದ ಗೆರೆಗಳಿರುತ್ತವೆ, ಎಲ್ಲವನ್ನೂ ಉಜ್ಜಿ ನುಣುಪು ಮಾಡಬೇಕು. ಪ್ಲಾಸ್ಟಿಕ್ ಕಿಟ್‌ನ ಅಂಟು ರೆಸಿನ್‌ಗೆ ಹಿಡಿಯುವುದಿಲ್ಲ, ಫೆವಿಕ್ವಿಕ್ ಥರದ ಅಂಟೇ ಬೇಕು.

ನಿಮಗೆ ಅನುಕೂಲದ ಒಂದು ವಿಷಯ ಹೇಳಬೇಕು. ಹಳೇ ಅಂಬಾಸಿಡರ್‌ನ ಟೈರು 5.90-15. ಬೀಟಲ್‌ದು 5.60-15. ಎರಡೂ 15 ಇಂಚಿನ ರಿಮ್. ಮುಂದೆ 1:24ರಲ್ಲಿ ಅಂಬಾಸಿಡರ್ ಮಾಡುವುದಾದರೆ ಚಕ್ರದ ಗಾತ್ರಕ್ಕೆ ಬೀಟಲ್ ಕಿಟ್ಟೇ ನಿಮಗೆ ಆಧಾರ. ಅಷ್ಟರೊಳಗೆ ತಂದೆಯವರ ಗಾಡಿಯ ಫೋಟೋ ಹುಡುಕಿಡಿ. ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ, ಒಂದೊಂದರ ಗ್ರಿಲ್ ಒಂದೊಂದು ಥರ. ಯಾವುದು ಎಂಬುದು ಮುಖದಲ್ಲೇ ಗೊತ್ತಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ಕಿಟ್‌ನಷ್ಟೇ ದುಡ್ಡು ಸಲಕರಣೆಗೆ ಎತ್ತಿಡಿ. ಭಾಗಗಳನ್ನು ಕತ್ತರಿಸಲು ಒಳ್ಳೇ ನಿಪ್ಪರ್, ಕಟರ್ ಬ್ಲೇಡು, ಮಾಸ್ಕಿಂಗ್ ಟೇಪು, ನೀರಿನಂಥ ತೆಳ್ಳನೆಯ ಮಾಡೆಲ್ ಅಂಟು, ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್. ತೆಳ್ಳನೆ ಅಂಟು ನಿಜಕ್ಕೂ ಅಂಟಲ್ಲ, ಪ್ಲಾಸ್ಟಿಕ್ಕನ್ನು ಕರಗಿಸುವ ದ್ರವ. ಎರಡು ಭಾಗ ಸೇರಿಸಿ ಹಿಡಿದು, ಸಂದಿಗೆ ಬ್ರಷ್ ತಾಗಿಸಿದರೆ ಸಾಕು, ತಾನೇ ಒಳಗೆ ಓಡಿ ಎರಡನ್ನೂ ಬೆಸೆಯುತ್ತದೆ. ಬೆರಳು ಆ ಸಂದಿಯ ಮೇಲೆ ಇದ್ದರೆ ಬೆರಳಿನ ಗುರುತೂ ಅಲ್ಲೇ ಉಳಿಯುತ್ತದೆ, ಜೋಪಾನ.

ಭಾಗಗಳನ್ನು ಕಡ್ಡಿಯಿಂದ ಬಿಡಿಸುವ ಮೊದಲು ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಿರಿ. ಅಚ್ಚಿನಿಂದ ಪ್ಲಾಸ್ಟಿಕ್ ಬಿಟ್ಟುಕೊಳ್ಳಲು ಹಾಕಿದ ಎಣ್ಣೆಯಂಥದ್ದು ಮೇಲೆ ಉಳಿದಿರುತ್ತದೆ. ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಬಾಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಅಚ್ಚಿನ ಗೆರೆ ಹುಡುಕಿ. ಮಡ್‌ಗಾರ್ಡಿನ ಬೆನ್ನ ಮೇಲೆ, ಟಾಪಿನ ಕಂಬಗಳ ಹತ್ತಿರ ಇರುತ್ತವೆ. 600 ನಂಬರಿನ ವಾಟರ್ ಪೇಪರನ್ನು ಒದ್ದೆ ಮಾಡಿಕೊಂಡು ಹಗುರವಾಗಿ ಉಜ್ಜಿ, ನಂತರ 1000ಕ್ಕೆ ಹೋಗಿ. ಬಾಗಿಲಿನ ಸಂದಿನ ಗೆರೆಗಳು ಬಣ್ಣ ತುಂಬಿ ಮಾಯವಾಗದಂತೆ, ಬ್ಲೇಡಿನ ಹಿಂಬದಿಯಿಂದ ಮೆಲ್ಲಗೆ ಒಮ್ಮೆ ಎಳೆದು ಆಳ ಮಾಡಿಕೊಳ್ಳಿ.

ಈ ತಯಾರಿಯಲ್ಲಿ ಬೇಜಾರಾದರೆ ಒಂದು ರಜೆಯ ದಿನ ಕಿನ್ನಾಳಕ್ಕೆ ಹೋಗಿಬನ್ನಿ. ನಿಮಗೆ ಹತ್ತಿರವೇ ಅಲ್ವಾ? ಅಲ್ಲಿನ ಚಿತ್ರಗಾರರು ಹಗುರ ಮರದ ಬೊಂಬೆಗೆ ನೇರವಾಗಿ ಬಣ್ಣ ಹಚ್ಚುವುದಿಲ್ಲ. ಸೆಣಬಿನ ಚಿಂದಿಯ ಪುಡಿಗೆ ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಮೈಗೆಲ್ಲ ಬಳಿಯುತ್ತಾರೆ. ಅದರ ಮೇಲೆ ಅಂಟು ಹಚ್ಚಿ ಹತ್ತಿ ಬಟ್ಟೆಯ ಚೂರು ಕೂರಿಸುತ್ತಾರೆ. ಅದರ ಮೇಲೆ ಕಲ್ಲುಪುಡಿಯ ಲೇಪ. ಇಷ್ಟಾದ ಮೇಲೆ ಬಣ್ಣ. ಬಣ್ಣಕ್ಕಿಂತ ಮೊದಲು ನಾವು ಹೊಡೆಯುವ ಪ್ರೈಮರ್ ಮಾಡುವ ಕೆಲಸವೂ ಅದೇ. ಬಣ್ಣಕ್ಕೆ ಹಿಡಿತ ಕೊಡುತ್ತದೆ, ಮೈಯನ್ನೆಲ್ಲ ಒಂದೇ ಬಣ್ಣಕ್ಕೆ ತರುತ್ತದೆ, ಕಣ್ಣಿಗೆ ಕಾಣದ ಗೀರನ್ನು ತೋರಿಸಿಕೊಡುತ್ತದೆ. ಬೂದು ಪ್ರೈಮರ್ ಹೊಡೆದ ಮೇಲೆ ಗೀರು ಕಂಡರೆ ಮತ್ತೆ ಉಜ್ಜಿ, ಮತ್ತೆ ಹೊಡೆಯಿರಿ. ಇಲ್ಲಿ ಅವಸರ ಮಾಡಿದರೆ ಆಮೇಲೆ ಯಾವ ಪಾಲಿಷ್ ಕೂಡ ಕಾಪಾಡುವುದಿಲ್ಲ.

ಬಿಸಿಲಿನ ಪ್ರಶ್ನೆಗೆ ಬಂದೆ. ಕೊಪ್ಪಳ ಇರಲಿ, ನಮ್ಮ ಬಳ್ಳಾರಿ ಇರಲಿ, ರಾಯಚೂರು ಇರಲಿ, ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಸ್ಪ್ರೇ ಹನಿಗಳು ಬಾಡಿಗೆ ತಲುಪುವ ಮೊದಲೇ ಅರ್ಧ ಒಣಗುತ್ತವೆ. ಬಣ್ಣ ಹರಡಿಕೊಳ್ಳದೆ ರವೆ ಉದುರಿಸಿದ ಹಾಗೆ ಒರಟಾಗಿ ಕೂರುತ್ತದೆ. ಬಣ್ಣ ಕೆಟ್ಟದ್ದು ಎಂದು ಸುಮ್ನೆ ಬೈಯಬೇಡಿ, ಹೊತ್ತು ಕೆಟ್ಟದ್ದು. ಬೇಸಿಗೆಯಲ್ಲಿ ಸೂರ್ಯ ಏರುವ ಮೊದಲೇ ಕೆಲಸ ಮುಗಿಸಿ. ಸ್ಪ್ರೇ ಡಬ್ಬಿಯನ್ನು ಸ್ವಲ್ಪ ಹತ್ತಿರ, ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ಹಿಡಿಯಿರಿ. ಮೊದಲು ಎರಡು ತೆಳು ಪದರ, ಮಧ್ಯೆ ಹತ್ತು ಹದಿನೈದು ನಿಮಿಷ ಬಿಡುವು, ಆಮೇಲೆ ಒಂದು ತುಂಬಿದ ಪದರ. ಕೈ ನಿಲ್ಲಿಸಬೇಡಿ. ಸ್ಪ್ರೇ ಶುರುವಾಗುವುದು ಕಾರಿನ ಆಚೆ, ಮುಗಿಯುವುದು ಈಚೆ. ಏರ್‌ಬ್ರಷ್ ಇದ್ದವರು ಬೇಗ ಒಣಗುವ ಲ್ಯಾಕರ್ ಬಣ್ಣದ ಥಿನ್ನರಿಗೆ ರಿಟಾರ್ಡರ್ ಸೇರಿಸಿಕೊಂಡರೆ ಬಣ್ಣ ನಿಧಾನ ಒಣಗಿ ಸಮನಾಗಿ ಹರಡುತ್ತದೆ.

ಮಳೆಗಾಲದಲ್ಲಿ ಕಷ್ಟ ಬೇರೆ. ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಕೂತು ಹೊಳಪು ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಮಳೆ ನಿಂತು ಬಿಸಿಲು ಬಂದ ದಿನದವರೆಗೆ ಕಾಯಿರಿ. ನಮ್ಮ ಕಡೆ ಬಣ್ಣಕ್ಕೆ ಹೇಳಿಮಾಡಿಸಿದ ಕಾಲ ನವೆಂಬರ್‌ನಿಂದ ಫೆಬ್ರವರಿ.

ಧೂಳಿಗೆ ಮದ್ದು ನೀರು. ಅದಿರಿನ ಲಾರಿ ಓಡಾಡುವ ರಸ್ತೆ ಹತ್ತಿರವಿದ್ದರೆ ಕೆಂಪು ಪುಡಿ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಮಾಳಿಗೆ ಮೇಲೆ ದೊಡ್ಡ ರಟ್ಟಿನ ಡಬ್ಬಿಯನ್ನು ಅಡ್ಡ ಮಲಗಿಸಿ, ಸುತ್ತ ನೆಲಕ್ಕೂ ಡಬ್ಬಿಯ ಒಳಗೂ ನೀರು ಚಿಮುಕಿಸಿ, ಗಾಳಿ ಏಳುವ ಮೊದಲು ಅದರೊಳಗೆ ಹೊಡೆಯಿರಿ. ಹೊಡೆದ ಕೂಡಲೇ ಸ್ವಚ್ಛವಾದ ಪ್ಲಾಸ್ಟಿಕ್ ಟಬ್ಬನ್ನು ಬೋರಲು ಹಾಕಿ ಮುಚ್ಚಿ. ಒಣ ಹವೆಯಲ್ಲಿ ಪ್ಲಾಸ್ಟಿಕ್ಕನ್ನು ಒಣ ಬಟ್ಟೆಯಿಂದ ಒರೆಸಬೇಡಿ. ಸ್ಥಿರ ವಿದ್ಯುತ್ ಹುಟ್ಟಿ ಧೂಳನ್ನು ಅದೇ ಸೆಳೆಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಆರಲು ಬಿಡಿ. ಗಾಳಿಯೇ ಇಲ್ಲದ ಬಚ್ಚಲುಮನೆಯಲ್ಲಿ ಬೇಡ. ಗ್ಯಾಸ್ ಗೀಸರ್ ಇದ್ದರಂತೂ ಬೇಡವೇ ಬೇಡ, ಸ್ಪ್ರೇಯ ಆವಿಗೆ ಬೆಂಕಿ ಹತ್ತುತ್ತದೆ. ಮಾಮೂಲಿ ಬಟ್ಟೆ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಕೊಳ್ಳಿ. ಸ್ಪ್ರೇ ಡಬ್ಬಿಯನ್ನು ಬಿಸಿಲಿಗೆ ಇಡಬೇಡಿ, 50 ಡಿಗ್ರಿ ಮೀರಬಾರದು ಎಂದು ಅದರ ಮೇಲೇ ಬರೆದಿರುತ್ತದೆ.

ಊರಿನ ಗ್ಯಾರೇಜಿನಲ್ಲಿ ಕಾರಿಗೆ ಹೊಡೆಯುವ ಬಣ್ಣ ನಡೆಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಅಲ್ಲಿ ಬಣ್ಣ ತೆಳು ಮಾಡಲು ಬಳಸುವ ಎನ್‌ಸಿ ಥಿನ್ನರ್ ಕಿಟ್‌ನ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಅಂಥ ಬಣ್ಣ ನೇರವಾಗಿ ಬಿದ್ದರೆ ಮೈಯೆಲ್ಲ ಬಿರುಕು. ಯಾವ ಬಣ್ಣವಾದರೂ ಮೊದಲು ಪರೀಕ್ಷೆ ಮಾಡಿ. ಹಿಂದೆ ಪ್ಲಾಸ್ಟಿಕ್ ಚಮಚದ ಮೇಲೆ ನೋಡುತ್ತಿದ್ದೆವು. 2022ರ ಜುಲೈನಿಂದ ಅವುಗಳಿಗೆ ನಿಷೇಧ ಬಂದಿದೆ, ಈಗ ಕಿಟ್‌ನ ಉಳಿದ ಕಡ್ಡಿಗಳ ಮೇಲೇ ನೋಡಬೇಕು. ನಿಧಾನ ಒಣಗುವ ಎನಾಮೆಲ್ ಬಣ್ಣದ ಮೇಲೆ ಲ್ಯಾಕರ್ ಹೊಡೆಯಬೇಡಿ, ಕೆಳಗಿನದು ಸುಕ್ಕುಗಟ್ಟುತ್ತದೆ. ಲ್ಯಾಕರ್ ಮೇಲೆ ಎನಾಮೆಲ್ ಆಗಬಹುದು.

ಬಣ್ಣ ಮುಟ್ಟಲು ಒಣಗಿದೆ ಎಂದರೆ ಒಳಗೂ ಒಣಗಿದೆ ಎಂದಲ್ಲ. ಮೂಗಿನ ಹತ್ತಿರ ಹಿಡಿದು ನೋಡಿ, ವಾಸನೆ ಇರುವವರೆಗೂ ಪಾಲಿಷ್‌ಗೆ ಕೈ ಹಾಕಬೇಡಿ. ಒಂದು ವಾರ ಬಿಟ್ಟರೆ ಒಳ್ಳೇದು. ಆಮೇಲೆ 2000 ನಂಬರಿನ ಒದ್ದೆ ಪೇಪರ್, ನಂತರ ನಯವಾದ ರಬ್ಬಿಂಗ್ ಕಾಂಪೌಂಡು. ಅಂಚುಗಳಲ್ಲಿ ಬಣ್ಣ ತೆಳ್ಳಗಿರುತ್ತದೆ, ಅಲ್ಲಿ ಉಜ್ಜದಿರುವುದೇ ಲೇಸು. ಮೊದಲ ಕಾರಿಗೆ ತಿಳಿ ನೀಲಿ, ಕೆನೆ ಬಣ್ಣ ಆರಿಸಿ. ಕಪ್ಪು ಪ್ರತಿ ಗೀರನ್ನೂ ತೋರಿಸುತ್ತದೆ. ಅಚ್ಚ ಬಿಳಿ ಸಮನಾಗಿ ಮುಚ್ಚಲು ಕಷ್ಟ, ಪುಟ್ಟ ಕಾರಿನ ಮೇಲೆ ಕಣ್ಣಿಗೆ ಹೊಡೆಯುತ್ತದೆ ಕೂಡ. ಮುಂದೆ ಅಂಬಾಸಿಡರ್‌ಗೆ ಟಮಿಯಾದ ಟಿಎಸ್-7 ರೇಸಿಂಗ್ ವೈಟ್ ನೋಡಿ. ಸ್ವಲ್ಪ ಕೆನೆ ಬೆರೆತ ಆ ಬಿಳಿ ಹಳೇ ಗಾಡಿಗೆ ಚೆನ್ನಾಗಿ ಒಪ್ಪುತ್ತದೆ.

ಗಾಜುಗಳನ್ನು ಫೆವಿಕ್ವಿಕ್‌ನಿಂದ ಅಂಟಿಸಬೇಡಿ, ಅದರ ಆವಿಗೆ ಗಾಜು ಮಬ್ಬಾಗುತ್ತದೆ. ಬಿಳಿ ಫೆವಿಕಾಲ್ ಸಾಕು. ಒಣಗಿದರೆ ಕಾಣುವುದಿಲ್ಲ, ಹೆಚ್ಚಾದರೆ ಒದ್ದೆ ಬಡ್‌ನಿಂದ ಒರೆಸಬಹುದು. ಕ್ರೋಮ್ ಭಾಗ ಅಂಟಿಸುವ ಕಡೆ ಕ್ರೋಮನ್ನು ಕೆರೆದು ತೆಗೆಯಿರಿ. ಅಂಟು ಪ್ಲಾಸ್ಟಿಕ್ಕಿಗೆ ತಾಗಿದರೆ ಮಾತ್ರ ಹಿಡಿಯುತ್ತದೆ.

ಮುಗಿದ ಕಾರನ್ನು ಗಾಜಿನ ಕಪಾಟಿನಲ್ಲಿ, ಬಿಸಿಲು ಬೀಳದ ಗೋಡೆಗೆ ಇಡಿ. ಊರಿಂದೂರಿಗೆ ಒಯ್ಯುವಾಗ ನಿಲ್ಲಿಸಿದ ಕಾರಿನ ಡ್ಯಾಷ್‌ಬೋರ್ಡ್ ಮೇಲೆ ಬಿಡಬೇಡಿ. ಬೇಸಿಗೆಯಲ್ಲಿ ಅಲ್ಲಿನ ಶಾಖಕ್ಕೆ ತೆಳು ಟಾಪ್, ಬಂಪರ್ ಸೊಟ್ಟಗಾಗುತ್ತವೆ. ಹಳೇ ಕಿಟ್‌ಗಳ ಮೆತ್ತನೆ ವಿನೈಲ್ ಟೈರಿನ ಮೇಲೂ ಕಣ್ಣಿಡಿ. ಅದರೊಳಗಿನ ಮೆದುಕಾರಕ ಹೊರಬಂದು ತಾಗಿದ ಪ್ಲಾಸ್ಟಿಕ್ ರಿಮ್ಮನ್ನು ಕರಗಿಸುತ್ತದೆ. ಸೆಕೆ ಜಾಸ್ತಿ ಇದ್ದಷ್ಟೂ ಬೇಗ. ಟೈರು ಹಾಕುವ ಮೊದಲು ರಿಮ್‌ನ ಅಂಚಿಗೆ ಒಂದು ಸುತ್ತು ಫಾಯಿಲ್ ಹಾಕಿದರೆ ಎರಡೂ ಒಂದಕ್ಕೊಂದು ತಾಗುವುದಿಲ್ಲ.